ಅಂಡಾಶಯದ ರಸದೂತಗಳೂ ಅವುಗಳ ಗ್ರಾಹಕಗಳೂ

ಹತ್ತನೆಯ ತರಗತಿಯ ಜೀವಶಾಸ್ತ್ರ ಪುಸ್ತಕದಲ್ಲಿ ಸಂತಾನೋತ್ಪತ್ತಿಯನ್ನು ಕುರಿತ ಪಾಠವೊಂದಿದೆ. ಅನೇಕ ಕಡೆಗಳಲ್ಲಿ ಉಪಾಧ್ಯಾಯರು ಸಂಕೋಚದಿಂದ ಆ ಪಾಠವನ್ನು ಬೇಗಬೇಗನೆ ದಾಟಿಬಿಡುತ್ತಾರೆ. “ಮನೆಯಲ್ಲಿ ಓದಿಕೊಳ್ಳಿರಿ” ಎಂದು ಹೇಳಿ ಪುಟವನ್ನು ಮಗುಚುತ್ತಾರೆ. ಮನೆಯಲ್ಲಿ ಅದನ್ನು ಓದಿ ಹೇಳುವವರು ಇರುವುದು ಅಪರೂಪ. ಆದುದರಿಂದ ಈ ವರ್ಷದ ಸಂಚಿಕೆಯಲ್ಲಿ ಆ ಪಾಠದ ಒಂದು ಭಾಗವನ್ನೇ ಎತ್ತಿಕೊಂಡು, ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ತಿಳಿಯುವಂತೆ ವಿಸ್ತರಿಸಿ ಬರೆಯಬೇಕೆಂದು ನಾವು ನಿಶ್ಚಯಿಸಿದೆವು. ವಿಷಯವು ಶರೀರಕ್ಕೆ ಸಂಬಂಧಿಸಿದುದು. ಶರೀರವಿರುವ ಯಾರೂ ಅದನ್ನು ಓದಲು ನಾಚಬೇಕಾದುದಿಲ್ಲ.

ನಂದವರಂ, ಆದೋನಿ, ಆಲೂರುಗಳ ಈ ಸೀಮೆ ಎರಡು ಭಾಷೆಗಳ ಸೀಮೆ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದುವು. ಅಂದಿನಿಂದ ನಾವು ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡುತ್ತ ಬಂದಿದ್ದೇವೆ. ಹುಡುಗಿಯೊಬ್ಬಳು ಮೊದಲ ಬಾರಿಗೆ ಮುಟ್ಟಾದಾಗ ಕನ್ನಡದವರು “ಮೈನೆರೆದಳು” ಎನ್ನುತ್ತಾರೆ. ನೆರೆಮನೆಯ ತೆಲುಗಿನವರು “ಪೆದ್ದಮನಿಷಿ” ಆದಳೆಂದೂ “ಸಮರ್ತ” ಆದಳೆಂದೂ ಹೇಳುತ್ತಾರೆ. ಮೈ ನೆರೆಯಿತು ಎಂದರೆ ಮೈ ತುಂಬಿತು, ಪೂರ್ತಿಯಾಯಿತು. ಸಮರ್ತ ಎಂಬ ಮಾತಂತೂ ಕೇಳುವವರ ಕಿವಿಗೆ ‘ಸಮರ್ಥ’ ಎಂದೇ ಕೇಳುತ್ತದೆ. ಎರಡು ಭಾಷೆಗಳೂ ಕೂಡಿ ಒಂದೇ ತೀರ್ಮಾನವನ್ನು ಕೊಟ್ಟಂತಾಯಿತು: ಹುಡುಗಿ ಸಿದ್ಧಳಾದಳು. ಆರತಿಯಾಗುತ್ತದೆ, ಕೊಬ್ಬರಿ ಬೆಲ್ಲ ಹಂಚುತ್ತಾರೆ, ಬಂಧುಗಳು ವರನ ಮಾತೆತ್ತುತ್ತಾರೆ. ಹಾಜರಿ ಪುಸ್ತಕದಲ್ಲಿ ಮೊದಲು ಕೆಲವು ದಿನ, ಅನಂತರ ಕೆಲವು ವಾರ ಗೈರುಹಾಜರಿಯ ಗುರುತು ಬೀಳುತ್ತದೆ. ಕೊನೆಗೊಮ್ಮೆ ಹೆಸರಿನ ಮೇಲೆಯೇ ಗೀಟು ಬೀಳುತ್ತದೆ. ಹಾಗೆ ಗೀಟು ಎಳೆಯಬೇಕಾದಾಗಲೆಲ್ಲ ನಮಗೆ ಆ ‘ಸಮರ್ಥ’ ಎಂಬ ಮಾತು ನೆನಪಾಗುತ್ತದೆ. ಅದು ನಿಜವೇ ಎಂಬುದನ್ನು ಶರೀರಶಾಸ್ತ್ರವನ್ನೇ ಕೇಳಿ ನೋಡೋಣ.

ನಮ್ಮ ದೇಹದಲ್ಲಿ ಕೆಲವು ಗ್ರಂಥಿಗಳಿವೆ. ಬೆವರಿನ ಗ್ರಂಥಿಗೂ ಜೊಲ್ಲಿನ ಗ್ರಂಥಿಗೂ ರಸವನ್ನು ಹೊರಗೆ ಹರಿಸುವ ನಾಳವಿರುತ್ತದೆ. ಇವಕ್ಕೆ ಅಂಥ ನಾಳವಿಲ್ಲ. ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆದುದರಿಂದ ನಿರ್ನಾಳ ಗ್ರಂಥಿಗಳೆಂದು ಹೆಸರು. ಆ ರಸಗಳಿಗೆ 1905ರಲ್ಲಿ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಸ್ಟಾರ್ಲಿಂಗ್ ಎಂಬವರು ‘ಹಾರ್ಮೋನು’ ಎಂಬ ಹೆಸರನ್ನು ಬಳಕೆಗೆ ತಂದರು. ಕನ್ನಡದಲ್ಲಿ ಇವನ್ನು ರಸದೂತಗಳೆಂದು ಕರೆದಿರುವುದು ಬಹಳ ಒಪ್ಪುತ್ತದೆ. ಒಂದು ಕಡೆಯ ಸುದ್ದಿಯನ್ನು ಇನ್ನೊಂದು ಕಡೆಗೆ ಒಯ್ಯುವುದೇ ಇವುಗಳ ಕೆಲಸ. ಸ್ತ್ರೀಯ ಅಂಡಾಶಯಗಳೂ ಇಂಥ ಗ್ರಂಥಿಗಳೇ. ಅವು ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ಮುಖ್ಯ ರಸದೂತಗಳನ್ನು ರಕ್ತಕ್ಕೆ ಕಳುಹಿಸುತ್ತವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ರಕ್ತವು ದೇಹದ ಮೂಲೆಮೂಲೆಗೂ ಹರಿಯುತ್ತದೆ. ಆ ರಸದೂತವೂ ಕಣ್ಣು, ಕಾಲು, ಗರ್ಭಕೋಶ, ಎಲುಬು ಎಲ್ಲ ಕಡೆಗೂ ಹೋಗುತ್ತದೆ. ಆದರೆ ಎಲ್ಲ ಕಡೆಯೂ ಒಂದೇ ಬಗೆಯ ಪರಿಣಾಮವಾಗುವುದಿಲ್ಲ. ಏಕೆ? ಮಕ್ಕಳೇ, ನಮ್ಮ ಊರಿನ ಒಂದು ದೃಷ್ಟಾಂತದಿಂದಲೇ ಇದನ್ನು ತಿಳಿಯಬಹುದು. ಕನ್ನಡದಲ್ಲಿ ಬರೆದ ಓಲೆಯೊಂದು ವಿಳಾಸವಿಲ್ಲದೆ ಬಂದಿತೆನ್ನಿ. ಅಂಚೆಯವನು ಅದನ್ನು ಬೀದಿಯ ಎಲ್ಲ ಮನೆಗಳಿಗೂ ತೋರಿಸುತ್ತ ಹೋಗುತ್ತಾನೆ. ಕನ್ನಡ ಬಾರದ ಮನೆಗಳಲ್ಲಿ ಓಲೆಯನ್ನು ನೋಡಿ ಹಿಂದಕ್ಕೆ ಕೊಡುತ್ತಾರೆ. ಕನ್ನಡ ಓದಬಲ್ಲವರಿರುವ ಮನೆಯಲ್ಲಿ ಮಾತ್ರ ಅದು ಉಳಿಯುತ್ತದೆ, ಅಲ್ಲಿ ಮಾತ್ರ ಅದರಂತೆ ಕೆಲಸ ನಡೆಯುತ್ತದೆ. ಜೀವಕೋಶದಲ್ಲಿರುವ ಇಂಥ ಓದುಗನಿಗೆ ವಿಜ್ಞಾನಿಗಳು ‘ಗ್ರಾಹಕ’ ಎಂದು ಹೆಸರಿಟ್ಟಿದ್ದಾರೆ.

ಓದುಗನೊಬ್ಬನಿದ್ದಾನೆಂದು ತೋರಿಸಿಕೊಟ್ಟವರು ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ಎಲ್‌ವುಡ್ ಜೆನ್ಸನ್. 1950ರ ದಶಕದ ಕೊನೆಯಲ್ಲಿ ಅವರೂ ಅವರ ಸಹೋದ್ಯೋಗಿ ಜೇಕಬ್‌ಸನ್ನರೂ ಈಸ್ಟ್ರೋಜೆನ್ನಿಗೆ ವಿಕಿರಣಶೀಲವಾದ ಜಲಜನಕವನ್ನು ಸೇರಿಸಿ, ಗುರುತು ಹಾಕಿದ ಆ ವಸ್ತುವನ್ನು ಎಳೆಯ ಹೆಣ್ಣು ಇಲಿಗಳಿಗೆ ಚುಚ್ಚಿದರು. ಮಾಂಸಖಂಡಗಳಿಗೂ ರಕ್ತಕ್ಕೂ ಹೋದ ವಸ್ತು ಕೆಲವು ಗಂಟೆಗಳಲ್ಲಿ ಇಳಿದುಹೋಯಿತು. ಗರ್ಭಕೋಶಕ್ಕೆ ಹೋದುದು ಮಾತ್ರ ಅಲ್ಲಿಯೇ ನಿಂತಿತು. ಅದರ ರಾಸಾಯನಿಕ ರೂಪವೂ ಬದಲಾಗಿರಲಿಲ್ಲ. ಅಂದರೆ ಗರ್ಭಕೋಶವು ಅದನ್ನು ಆಹಾರದಂತೆ ಅರಗಿಸಿಕೊಂಡಿರಲಿಲ್ಲ, ಹಿಡಿದಿಟ್ಟುಕೊಂಡಿತ್ತು. ಹಿಡಿಯುವ ಕೈಯೊಂದು ಅಲ್ಲಿರಲೇಬೇಕೆಂದು ಜೆನ್ಸನ್ ಊಹಿಸಿದರು. ಈ ಒಂದು ಅರಿವಿನಿಂದ ಎಷ್ಟೋ ತಾಯಂದಿರ ಪ್ರಾಣ ಉಳಿದಿದೆ. ಸ್ತನದ ಅರ್ಬುದ ರೋಗದಲ್ಲಿ ಗಡ್ಡೆಯ ಜೀವಕೋಶಗಳಿಗೆ ಈ ಗ್ರಾಹಕವಿದೆಯೇ ಇಲ್ಲವೇ ಎಂದು ಪರೀಕ್ಷಿಸಿ, ಇದ್ದರೆ ಅದನ್ನು ತಡೆಯುವ ಔಷಧವನ್ನು ವೈದ್ಯರು ಇಂದು ಕೊಡುತ್ತಾರೆ. 2004ರಲ್ಲಿ ಜೆನ್ಸನ್, ಫ್ರಾನ್ಸಿನ ಪಿಯೆರ್ ಶಾಂಬೊನ್, ಅಮೆರಿಕದ ರೊನಾಲ್ಡ್ ಇವಾನ್ಸ್ ಈ ಮೂವರಿಗೂ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಎಲ್ಲ ಗ್ರಾಹಕಗಳೂ ಒಂದೇ ಬಗೆಯವಲ್ಲ. ಕೆಲವು ರಸದೂತಗಳು ಜೀವಕೋಶದ ಪೊರೆಯನ್ನು ದಾಟಲಾರವು. ಅವನ್ನು ಓದುವ ಗ್ರಾಹಕಗಳು ಬಾಗಿಲಲ್ಲಿಯೇ, ಎಂದರೆ ಪೊರೆಯ ಮೇಲೆಯೇ ನಿಂತಿರುತ್ತವೆ. ಈಸ್ಟ್ರೋಜೆನ್, ಪ್ರೊಜೆಸ್ಟರಾನುಗಳು ಕೊಬ್ಬಿನ ಜಾತಿಯ ಸಣ್ಣ ಅಣುಗಳಾದುದರಿಂದ ಪೊರೆಯನ್ನು ಸಲೀಸಾಗಿ ದಾಟಿ ಒಳಕ್ಕೆ ಹೋಗುತ್ತವೆ. ಇವುಗಳ ಗ್ರಾಹಕಗಳು ಮನೆಯ ನಡುಕೋಣೆಯಲ್ಲಿ, ಎಂದರೆ ಕೋಶಕೇಂದ್ರದಲ್ಲಿ ಕೆಲಸ ಮಾಡುತ್ತವೆ. ಆದುದರಿಂದ ಇವಕ್ಕೆ ಕೋಶಕೇಂದ್ರ ಗ್ರಾಹಕಗಳೆಂದು ಹೆಸರು. ರಸದೂತವು ಬಂದು ಸೇರಿದೊಡನೆ ಗ್ರಾಹಕದ ಆಕಾರವು ಬದಲಾಗುತ್ತದೆ, ಅದು ಡಿ.ಎನ್.ಎ. ಎಂಬ ಆನುವಂಶಿಕ ಗ್ರಂಥದ ನಿರ್ದಿಷ್ಟವಾದ ಒಂದು ಸಾಲಿನ ಮೇಲೆ ಹೋಗಿ ಕುಳಿತು, ಆ ಸಾಲನ್ನು ಓದಿಸುತ್ತದೆ ಅಥವಾ ಮುಚ್ಚಿಡುತ್ತದೆ. ಮಾನವ ದೇಹದಲ್ಲಿ ಇಂಥ ಗ್ರಾಹಕಗಳು 48 ಬಗೆ. ಥೈರಾಯಿಡ್ ರಸವನ್ನು ಓದುವುದು, ಎ ಮತ್ತು ಡಿ ಜೀವಸತ್ವಗಳಿಂದ ಉಂಟಾದ ವಸ್ತುಗಳನ್ನು ಓದುವುದು ಇವೆಲ್ಲ ಒಂದೇ ಮನೆತನದ ಅಣ್ಣತಮ್ಮಂದಿರು. ಥೈರಾಯಿಡ್ ಕೆಟ್ಟಾಗ ಹುಡುಗಿಯರ ಮುಟ್ಟೂ ಏರುಪೇರಾಗುವುದನ್ನು ವೈದ್ಯರು ದಿನವೂ ಕಾಣುತ್ತಾರೆ.

ಇನ್ನು ಅಂಡಾಶಯದ ಒಳಕ್ಕೆ ಹೋಗೋಣ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಸುಮಾರು ಹತ್ತರಿಂದ ಇಪ್ಪತ್ತು ಲಕ್ಷ ಅಂಡಗಳಿರುತ್ತವೆ. ಋತುಮತಿಯಾಗುವ ವೇಳೆಗೆ ಅವು ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ. ಒಂದು ಜೀವಮಾನದಲ್ಲಿ ಪಕ್ವವಾಗಿ ಹೊರಬರುವುವು ಸುಮಾರು ನಾನೂರು ಮಾತ್ರ. ಪ್ರತಿಯೊಂದು ಅಂಡವೂ ಒಂದು ಪುಟ್ಟ ಚೀಲದೊಳಗೆ ಕುಳಿತಿರುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಫ್.ಎಸ್.ಎಚ್., ಎಲ್.ಎಚ್. ಎಂಬ ಎರಡು ಓಲೆಗಳು ಬರುತ್ತವೆ. ಎಲ್.ಎಚ್. ಓಲೆಯನ್ನು ಓದಿ ಚೀಲದ ಹೊರಪದರವು ಆಂಡ್ರೋಜೆನ್ ಎಂಬ ವಸ್ತುವನ್ನು ತಯಾರಿಸುತ್ತದೆ, ಎಫ್.ಎಸ್.ಎಚ್. ಓಲೆಯನ್ನು ಓದಿ ಒಳಪದರವು ಅದನ್ನು ಈಸ್ಟ್ರೋಜೆನ್ನಾಗಿ ಮಾರ್ಪಡಿಸುತ್ತದೆ. ಒಬ್ಬರು ನೂಲು ತೆಗೆದು ಇನ್ನೊಬ್ಬರು ನೇದಂತೆ. ಎಮ್ಮಿಗನೂರಿನ ನೇಕಾರರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಈ ಎರಡು ಓಲೆಗಳಲ್ಲಿ ಯಾವುದರ ಕೆಲಸ ಯಾವುದು ಎಂಬುದನ್ನು ಬಿಡಿಸಿ ನೋಡಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ದೀರ್ಘಕಾಲ ಶ್ರಮಿಸಿದರು. ಒಂದು ರಸದೂತವನ್ನು ಪ್ರತಿಕಾಯದಿಂದ ನಿಷ್ಕ್ರಿಯಗೊಳಿಸಿ, ಆಗ ಯಾವ ಕೆಲಸ ನಿಲ್ಲುತ್ತದೆಂದು ಪರೀಕ್ಷಿಸುವುದು ಅವರ ಕ್ರಮ. ಇಲಿಗಳಲ್ಲದೆ ದಕ್ಷಿಣ ಭಾರತದ ಸಾಮಾನ್ಯ ಮಂಗಗಳಲ್ಲಿಯೂ ಅವರು ಈ ಪ್ರಯೋಗಗಳನ್ನು ನಡೆಸಿದರು.

ಈಸ್ಟ್ರೋಜೆನ್ನನ್ನು ಓದುವ ಗ್ರಾಹಕಗಳು ಎರಡು. ಒಂದನ್ನು ಆಲ್ಫಾ ಎಂದೂ, 1996ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಡುಹಿಡಿದ ಇನ್ನೊಂದನ್ನು ಬೀಟಾ ಎಂದೂ ಕರೆಯುತ್ತಾರೆ. ಗರ್ಭಕೋಶದಲ್ಲಿ ಆಲ್ಫಾ ಹೆಚ್ಚು. ಅಂಡದ ಚೀಲದ ಒಳಪದರದಲ್ಲಿ ಬೀಟಾ ಹೆಚ್ಚು. ಚೀಲವು ಬೆಳೆದಂತೆ ಈಸ್ಟ್ರೋಜೆನ್ ಏರುತ್ತದೆ. ಏರುತ್ತದೆ ಎಂದರೂ ಒಂದು ಮಿಲಿಲೀಟರು ರಕ್ತದಲ್ಲಿ ಅದು ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಇಷ್ಟು ಅಲ್ಪವಾದುದನ್ನೂ ಗ್ರಾಹಕವು ಹಿಡಿದು ಓದುತ್ತದೆ. ಈ ಏರಿಕೆಯು ಸುಮಾರು ಎರಡು ದಿನಗಳ ಕಾಲ ಬಿಡದೆ ನಿಂತರೆ, ಮಿದುಳಿನಲ್ಲಿರುವ ಆಲ್ಫಾ ಗ್ರಾಹಕಗಳು ಅದನ್ನು “ಅಂಡವು ಪಕ್ವವಾಯಿತು” ಎಂದು ಓದುತ್ತವೆ. ಆಗ ಪಿಟ್ಯುಟರಿಯಿಂದ ಎಲ್.ಎಚ್. ಒಮ್ಮೆಲೇ ಪ್ರವಾಹದಂತೆ ಹೊರಡುತ್ತದೆ. ಆ ಪ್ರವಾಹವು ಬಂದ ಮೇಲೆಯೇ ಚೀಲದ ಒಳಪದರದಲ್ಲಿ ಪ್ರೊಜೆಸ್ಟರಾನಿನ ಗ್ರಾಹಕವು ಮೂಡುತ್ತದೆ. ಅದು ಮೂಡಿದರೆ ಚೀಲವು ಒಡೆದು ಅಂಡವು ಹೊರಬರುತ್ತದೆ. ಈ ಗ್ರಾಹಕವಿಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಪಕ್ವವಾದ ಅಂಡವು ಚೀಲದೊಳಗೇ ಸೆರೆಯಾಗಿ ಉಳಿದುದನ್ನು 1995ರಲ್ಲಿ ಪ್ರಕಟಿಸಿದರು. ಅಂಡವು ಹೊರಬಿದ್ದ ಮೇಲೆ ಒಡೆದ ಚೀಲವು ಹಳದಿ ಬಣ್ಣದ ಸಣ್ಣ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟರಾನನ್ನು ಧಾರಾಳವಾಗಿ ಕಳುಹಿಸುತ್ತದೆ. ಈಸ್ಟ್ರೋಜೆನ್ನಿನಿಂದ ದಪ್ಪಗಾಗಿದ್ದ ಗರ್ಭಕೋಶದ ಒಳಪೊರೆಯನ್ನು ಈ ಎರಡನೆಯ ಓಲೆಯು ಹದಗೊಳಿಸಿ ನಿಲ್ಲಿಸುತ್ತದೆ. ಗರ್ಭ ನಿಲ್ಲದಿದ್ದರೆ ಹದಿನಾಲ್ಕು ದಿನಗಳ ಸುಮಾರಿಗೆ ಆ ಗ್ರಂಥಿ ಬಾಡುತ್ತದೆ, ಓಲೆ ನಿಲ್ಲುತ್ತದೆ, ಒಳಪೊರೆ ಕಳಚಿ ಮುಟ್ಟಾಗುತ್ತದೆ. ಇದರಲ್ಲಿ ಮೈಲಿಗೆಯ ಮಾತು ಎಲ್ಲಿಂದ ಬಂದಿತೋ ತಿಳಿಯದು. ಮಗುವಿಗಾಗಿ ಹಾಸಿದ್ದ ಹಾಸಿಗೆ, ಮಗು ಬಾರದುದರಿಂದ ಮಡಚಲ್ಪಟ್ಟಿತು, ಅಷ್ಟೆ.

ಪೋಷಕರು ಮುಂದಿನ ಮಾತನ್ನು ಸಾವಧಾನದಿಂದ ಓದಬೇಕೆಂದು ಕೋರುತ್ತೇವೆ. ಮೊದಲ ಮುಟ್ಟು ಕಾಣಿಸಿಕೊಳ್ಳುವುದಕ್ಕೆ ಮೇಲೆ ಹೇಳಿದ ಕ್ರಮವೆಲ್ಲವೂ ನಡೆಯಬೇಕಾದುದಿಲ್ಲ. ಈಸ್ಟ್ರೋಜೆನ್ನಿನಿಂದ ಒಳಪೊರೆ ಬೆಳೆದು ಕಳಚಿದರೆ ಸಾಕು. ಏರಿದ ಈಸ್ಟ್ರೋಜೆನ್ನನ್ನು ಮಿದುಳು ಸರಿಯಾಗಿ ಓದಿ ಎಲ್.ಎಚ್. ಪ್ರವಾಹವನ್ನು ಹರಿಸುವ ಅಭ್ಯಾಸವು ಆ ವಯಸ್ಸಿಗೆ ಇನ್ನೂ ಕುದುರಿರುವುದಿಲ್ಲ. ಅಕ್ಷರ ಕಲಿತ ಮೊದಲ ವರ್ಷದಲ್ಲಿಯೇ ಮಗು ಮಹಾಕಾವ್ಯವನ್ನು ಓದಲಾರದಷ್ಟೆ. ಆದುದರಿಂದ ಮೊದಲ ಒಂದೆರಡು ವರ್ಷಗಳಲ್ಲಿ ಅನೇಕ ತಿಂಗಳು ಅಂಡವೇ ಹೊರಬರುವುದಿಲ್ಲ, ಹಳದಿ ಗ್ರಂಥಿ ಉಂಟಾಗುವುದಿಲ್ಲ, ಪ್ರೊಜೆಸ್ಟರಾನ್ ಬರುವುದಿಲ್ಲ. ಹದಗೊಳಿಸುವ ಓಲೆ ಬಾರದಿರುವಾಗ ಒಳಪೊರೆಯು ಮನಬಂದಂತೆ ಬೆಳೆದು, ಒಮ್ಮೆ ಬೇಗ, ಒಮ್ಮೆ ತಡವಾಗಿ, ಒಮ್ಮೆ ಅತಿಯಾಗಿ ಕಳಚುತ್ತದೆ. ಎಳೆಯ ಹುಡುಗಿಯರ ಮುಟ್ಟು ಕ್ರಮ ತಪ್ಪುವುದಕ್ಕೆ ಸಾಮಾನ್ಯ ಕಾರಣವಿದು. ಹೀಗೆ ನೋಡಿದರೆ ಮೈ ‘ನೆರೆದ’ ದಿನವೆಂದು ನಾವು ಆರತಿ ಎತ್ತುವುದು ಅಂಡಾಶಯ, ಮಿದುಳು, ಗರ್ಭಕೋಶ ಈ ಮೂವರೂ ಪರಸ್ಪರರ ಓಲೆಗಳನ್ನು ಓದಲು ಕಲಿಯತೊಡಗಿದ ದಿನ.

“ಆದರೂ ಗರ್ಭ ನಿಲ್ಲುತ್ತದಲ್ಲ?” ಎಂದು ಯಾರಾದರೂ ಕೇಳಬಹುದು. ನಿಲ್ಲಬಹುದು, ನಡುನಡುವೆ ಅಂಡವು ಬಿಡುಗಡೆಯಾಗುವುದುಂಟು. ಅದು ಇನ್ನೂ ಹೆಚ್ಚಿನ ಅಪಾಯ. ಈಸ್ಟ್ರೋಜೆನ್ನಿನ ಓಲೆಯನ್ನು ಎಲುಬುಗಳೂ ಓದುತ್ತವೆ. ಋತುಮತಿಯಾದ ಮೇಲೂ ಕೆಲವು ವರ್ಷ ಹುಡುಗಿ ಎತ್ತರವಾಗುತ್ತಾಳೆ, ಸೊಂಟದ ಎಲುಬುಗಳು ಅಗಲವಾಗುತ್ತವೆ, ಎಲುಬಿನಲ್ಲಿ ಸುಣ್ಣದ ಅಂಶ ತುಂಬಿಕೊಳ್ಳುತ್ತದೆ. ಈ ಕೆಲಸ ಮುಗಿಯದ ಮೊದಲೇ ಗರ್ಭ ನಿಂತರೆ ಬೆಳೆಯುವ ಮಗುವೂ ಬೆಳೆಯುವ ತಾಯಿಯೂ ಒಂದೇ ತುತ್ತಿಗೆ ಕೈಚಾಚುತ್ತಾರೆ. ರಕ್ತಹೀನತೆ, ನಂಜು, ಹೆರಿಗೆಯ ತಡೆ, ತೂಕ ಕಡಿಮೆಯಾದ ಕೂಸು ಇವೆಲ್ಲ ಎಳೆಯ ತಾಯಂದಿರಲ್ಲಿ ಹೆಚ್ಚು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕೆಂದು ಹೇಳಿರುವುದು ಸರಕಾರದ ಹಟಮಾರಿತನದಿಂದಲ್ಲ.

ತಾಯಿತಂದೆಗಳ ಕಷ್ಟವನ್ನು ನಾವು ಅರಿಯದವರಲ್ಲ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಎಷ್ಟೋ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ದೊಡ್ಡವಳಾದ ಮಗಳನ್ನು ಊರಿನಲ್ಲಿ ಒಬ್ಬಳನ್ನೇ ಬಿಡಲು ಭಯ. ಪರಸ್ಥಳಕ್ಕೆ ಕರೆದೊಯ್ಯಲೂ ಭಯ. ಮದುವೆ ಮಾಡಿದರೆ ಜವಾಬ್ದಾರಿ ತೀರಿತೆಂಬ ಭಾವನೆ ಆ ಭಯದಿಂದ ಹುಟ್ಟಿದುದು. ಅದಕ್ಕೆ ಉತ್ತರವಾಗಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಲ್ಲಿ ವಸತಿಯೊಡನೆ ಓದುವ ಅವಕಾಶವಿದೆ. ಗುಳೆ ಹೋಗುವ ಮೊದಲು ಉಪಾಧ್ಯಾಯರೊಡನೆ ಒಂದು ಮಾತು ಆಡಿದರೆ ದಾರಿ ತೋರಿಸುವುದು ಕಷ್ಟವಲ್ಲ. ಸಂಕಟಕ್ಕೆ ಸಿಕ್ಕಿದ ಮಗು ತಾನೇ 1098 ಎಂಬ ಸಂಖ್ಯೆಗೆ ಹಣವಿಲ್ಲದೆ ದೂರವಾಣಿ ಮಾಡಬಹುದು.

ಓದುಗನೇ ಇಲ್ಲದಿದ್ದರೆ ಏನಾಗುತ್ತದೆ? ಇದಕ್ಕೂ ವೈದ್ಯಶಾಸ್ತ್ರದಲ್ಲಿ ದೃಷ್ಟಾಂತವಿದೆ. 18 ವರ್ಷದ ಯುವತಿಯೊಬ್ಬಳ ವೃತ್ತಾಂತವು 2013ರಲ್ಲಿ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಅವಳಿಗೆ ಸ್ತನಗಳು ಬೆಳೆದಿರಲಿಲ್ಲ, ಮುಟ್ಟು ಬಂದಿರಲಿಲ್ಲ. ರಕ್ತ ಪರೀಕ್ಷಿಸಿದರೆ ಈಸ್ಟ್ರೋಜೆನ್ ಸಾಮಾನ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿತ್ತು! ಆಲ್ಫಾ ಗ್ರಾಹಕದಲ್ಲಿ ಹುಟ್ಟಿನಿಂದಲೇ ಒಂದು ಅಕ್ಷರ ತಪ್ಪಿತ್ತು. ಓಲೆಗಳು ರಾಶಿಯಾಗಿ ಬೀಳುತ್ತಿದ್ದುವು, ಓದುವವರಿರಲಿಲ್ಲ. ಉತ್ತರ ಬಾರದೆ ಮಿದುಳು ಮತ್ತೆ ಮತ್ತೆ ಕೂಗುತ್ತಿತ್ತು, ಅಂಡಾಶಯಗಳು ಊದಿ ನೀರುಗುಳ್ಳೆಗಳಿಂದ ತುಂಬಿದ್ದುವು. ಇಂಥದು ಅತ್ಯಂತ ವಿರಳ. ಆದರೆ ನಮ್ಮಲ್ಲಿ ಮುಟ್ಟು ಬಾರದ ಹುಡುಗಿಯನ್ನೂ ಮಕ್ಕಳಾಗದ ಸೊಸೆಯನ್ನೂ ಪಾಪದ ಫಲವೆಂದು ಆಡಿಕೊಳ್ಳುವವರು ಈ ವೃತ್ತಾಂತವನ್ನು ತಿಳಿಯಬೇಕು. ಮಕ್ಕಳಾಗದಿರುವುದಕ್ಕೆ ಗಂಡನ ದೇಹದಲ್ಲಿಯೂ ಕಾರಣವಿರಬಹುದು. ಇಬ್ಬರನ್ನೂ ಪರೀಕ್ಷಿಸದೆ ಹೆಂಡತಿಯನ್ನು ತವರಿಗೆ ಅಟ್ಟುವುದು ಅಜ್ಞಾನ.

ಕಳ್ಳ ಓಲೆಗಳೂ ಉಂಟು. ಕಾಸರಗೋಡಿನ ಕನ್ನಡ ಮಾತಾಡುವ ಪಡ್ರೆ, ಎಣ್ಮಕಜೆ ಗ್ರಾಮಗಳ ಸುತ್ತಿನ ಗೇರುತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. ಅಲ್ಲಿಯ ಜನರು ಅನುಭವಿಸಿದುದನ್ನು ನಾಡೆಲ್ಲ ಬಲ್ಲದು. ಈ ವಸ್ತುವು ದುರ್ಬಲವಾಗಿಯಾದರೂ ಈಸ್ಟ್ರೋಜೆನ್ನಿನಂತೆ ವರ್ತಿಸುತ್ತದೆಂಬುದು 1994ರಲ್ಲಿ ಪ್ರಯೋಗಾಲಯದ ಮಾನವ ಜೀವಕೋಶಗಳಲ್ಲಿ ಕಂಡುಬಂದಿತ್ತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಕಾಸರಗೋಡಿನ ಶಾಲಾಬಾಲಕರನ್ನು ಪರೀಕ್ಷಿಸಿ, ಅವರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿರುವುದನ್ನು 2003ರಲ್ಲಿ ಪ್ರಕಟಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಇದನ್ನು ನಿಷೇಧಿಸಿತು. ಹತ್ತಿ ಬೆಳೆಯುವವರಿಗೂ ಇದು ಪರಿಚಿತವಾದ ಔಷಧವಾಗಿತ್ತು. ಆದೋನಿ ಎಂದರೆ ಹತ್ತಿಯ ಪೇಟೆ. ಈಗಲೂ ಯಾವ ಔಷಧವೇ ಆಗಲಿ, ಹೊಡೆದ ಡಬ್ಬಿಯನ್ನು ತೊಳೆದು ನೀರು ತುಂಬುವುದು, ಸಿಂಪಡಿಸುವ ಹೊಲದಲ್ಲಿ ಮಕ್ಕಳನ್ನೂ ಗರ್ಭಿಣಿಯರನ್ನೂ ನಿಲ್ಲಿಸುವುದು ಸಲ್ಲದು.

ಇದೇ ತತ್ತ್ವವನ್ನು ಒಳ್ಳೆಯದಕ್ಕೆ ಬಳಸಿದವರು ನಮ್ಮ ದೇಶದವರೇ ಎಂಬುದು ಸಂತೋಷದ ಸಂಗತಿ. 1951ರಲ್ಲಿ ಸ್ಥಾಪಿತವಾದ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಿತ್ಯಾನಂದರೂ ಅವರ ಸಂಗಡಿಗರೂ ಸೆಂಟ್‌ಕ್ರೋಮನ್ ಎಂಬ ವಸ್ತುವನ್ನು ತಯಾರಿಸಿದರು. ಅದು ಈಸ್ಟ್ರೋಜೆನ್ ಗ್ರಾಹಕದ ಪೀಠದಲ್ಲಿ ತಾನೇ ಹೋಗಿ ಕುಳಿತು, ಗರ್ಭಕೋಶದಲ್ಲಿ ನಿಜವಾದ ಓಲೆಯನ್ನು ಓದಗೊಡುವುದಿಲ್ಲ. ಸಾಮಾನ್ಯವಾಗಿ ಅಂಡಾಶಯದ ಕೆಲಸ ನಿಲ್ಲುವುದಿಲ್ಲ. ಗರ್ಭ ಮಾತ್ರ ನೆಲೆಗೊಳ್ಳುವುದಿಲ್ಲ. 1991ರಲ್ಲಿ ‘ಸಹೇಲಿ’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಈ ಗುಳಿಗೆ 2016ರಲ್ಲಿ ‘ಛಾಯಾ’ ಎಂಬ ಹೆಸರಿನಿಂದ ಸರಕಾರದ ಕುಟುಂಬ ಯೋಜನೆಗೆ ಸೇರಿತು; ಸರಕಾರಿ ಆಸ್ಪತ್ರೆಗಳಲ್ಲಿ ಹಣ ಕೊಡಬೇಕಾದುದಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಅನಂತರ ವಾರಕ್ಕೊಂದು, 30 ಮಿಲಿಗ್ರಾಮಿನ ಗುಳಿಗೆ. ಮೊಲೆಯೂಡಿಸುವ ತಾಯಿಯೂ ತೆಗೆದುಕೊಳ್ಳಬಹುದು. ಕೆಲವರಿಗೆ ಮುಟ್ಟು ತಡವಾಗುವುದುಂಟು. ಕಾಮಾಲೆ ಅಥವಾ ಈಲಿಯ ರೋಗವಿದ್ದವರಿಗೆ, ಅಂಡಾಶಯದಲ್ಲಿ ನೀರುಗುಳ್ಳೆಗಳಿರುವವರಿಗೆ ಇದು ಹೊಂದುವುದಿಲ್ಲವಾದುದರಿಂದ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಈಗಾಗಲೇ ಎಳೆಯ ವಯಸ್ಸಿನಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳಿರುವ ಮನೆಗಳಲ್ಲಿ, ಮೊದಲ ಹೆರಿಗೆಯನ್ನು ಮುಂದೂಡುವುದಕ್ಕೂ ಎರಡು ಹೆರಿಗೆಗಳ ನಡುವೆ ಮೂರು ವರ್ಷ ಬಿಡುವುದಕ್ಕೂ ಇದು ಒದಗುತ್ತದೆ.

ಮುಟ್ಟು ಕ್ರಮ ತಪ್ಪುವುದು ಮೊದಲ ಎರಡು ಮೂರು ವರ್ಷ ಸಹಜವೆಂದೆವು. ಅದಕ್ಕೂ ಮೇರೆಯುಂಟು. 15 ವರ್ಷ ತುಂಬಿದರೂ ಮುಟ್ಟು ಬಾರದಿದ್ದರೆ, ಬಂದು 90 ದಿನಗಳಿಗಿಂತ ಹೆಚ್ಚು ಕಾಲ ನಿಂತರೆ, ಒಮ್ಮೆ ಆರಂಭವಾದುದು ಏಳು ದಿನಕ್ಕೂ ಮೀರಿ ಹರಿದರೆ, ಮುಖದ ಮೇಲೆ ಗಂಡಸರಂತೆ ಕೂದಲು ಮೂಡಿದರೆ, ಕುತ್ತಿಗೆಯ ಗ್ರಂಥಿ ಊದಿದರೆ ತಾಯಂದಿರು ಮಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆದೋನಿಯ ಸರಕಾರಿ ಆಸ್ಪತ್ರೆಗೋ ಕರೆದೊಯ್ಯಬೇಕು. ಅದಕ್ಕೆ ಮೊದಲು ಒಂದು ಸಣ್ಣ ಕೆಲಸವಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವನ್ನೂ ಕೂಲಿಯ ಲೆಕ್ಕವನ್ನೂ ಬರೆಯುವಂತೆಯೇ ಮುಟ್ಟು ಆರಂಭವಾದ ದಿನ, ನಿಂತ ದಿನ ಎರಡನ್ನೂ ಗುರುತು ಹಾಕಿಕೊಳ್ಳಲು ಮಗಳಿಗೆ ಹೇಳಿರಿ. ವೈದ್ಯರು ಮೊದಲು ಕೇಳುವುದು ಆ ತಾರೀಖುಗಳನ್ನೇ.